ನಾಳೆ ಬಾ ಶಾದ್ಲಿ

ಕೆರ್ಕೆನ್ನಾ ದ್ವೀಪದಲ್ಲಿ ಶಾದ್ಲಿ ಅನ್ನುವ ಹೆಸರಿನವರು ಬೇಕಾದಷ್ಟು ಜನ. ಆಕ್ಟೋಪಸ್ ಹಿಡಿಯುವ ಶಾದ್ಲಿ ಒಬ್ಬ, ಫೆರಿಯಿಂದ ದಡಕ್ಕೆ ಹಗ್ಗ ಎಸೆಯುವ ಶಾದ್ಲಿ ಒಬ್ಬ, ಮಸೀದಿ ಹಿಂದಿನ ಮನೆಯ ಕೆಂಪುಗಡ್ಡದ ಶಾದ್ಲಿ ಇನ್ನೊಬ್ಬ. ದ್ವೀಪದ ರಮ್ಲಾ ಊರಿನ ಪೇಟೆಬೀದಿಯಲ್ಲಿ ರೇಡಿಯೊ, ಟೀವಿ, ವಿಸಿಆರ್ ರಿಪೇರಿ ಮಾಡುತ್ತಿದ್ದವನಿಗೆ ಊರು ಇಟ್ಟಿದ್ದ ಹೆಸರು 'ನಾಳೆ ಬಾ ಶಾದ್ಲಿ'. ಎದುರಿಗೆ ಉಸ್ತಾ ಅನ್ನುತ್ತಿದ್ದರು, ಕಸುಬು ಬಲ್ಲವನಿಗೆ ಸಲ್ಲುವ ಮರ್ಯಾದೆ ಅದು. ಬೆನ್ನ ಹಿಂದೆ ಮಾತ್ರ ನಾಳೆ ಬಾ.

ಹೆಸರು ಸುಮ್ಮನೆ ಬಂದದ್ದಲ್ಲ. ಬೆಳಿಗ್ಗೆ ಕೊಟ್ಟ ವಿಸಿಆರನ್ನು ಅವನು ಸಂಜೆಯೊಳಗೆ ಸರಿಮಾಡಿ ಇಟ್ಟಿರುತ್ತಿದ್ದ. ಚಿತ್ರ ಬರುತ್ತಿತ್ತು, ಸದ್ದು ಬರುತ್ತಿತ್ತು, ಕ್ಯಾಸೆಟ್ಟನ್ನು ನುಂಗಿ ಉಗುಳುವುದೂ ಸರಿಯಾಗಿರುತ್ತಿತ್ತು. ಆದರೆ ಕೊಡುತ್ತಿರಲಿಲ್ಲ.

"ಓಡ್ತಾ ಇದೆಯಲ್ಲ ಉಸ್ತಾ, ಕೊಟ್ಬಿಡು ಮತ್ತೆ."

"ಈಗ ಮೈ ಬಿಸಿಯಿದೆ, ಓಡುತ್ತೆ. ಇಲ್ಲೇ ತಣ್ಣಗೆ ಬಿದ್ದಿರಲಿ. ಬೆಳಿಗ್ಗೆ ತಾನಾಗಿ ಎದ್ದರೆ ಅದು ರಿಪೇರಿ. ನಾಳೆ ಬಾ."

ಬಂದವರು ಗೊಣಗಿಕೊಂಡು ಹೋಗುತ್ತಿದ್ದರು. ಕೆಲವರು ಅದೇ ಮಾತನ್ನು ಅವನ ಧ್ವನಿಯಲ್ಲೇ ಅಣಕಿಸಿ, ಕಾಫಿ ಅಂಗಡಿಯಲ್ಲಿ ಕೂತವರನ್ನು ನಗಿಸುತ್ತಿದ್ದರು. ಶಾದ್ಲಿಗೆ ಅದು ಗೊತ್ತಿತ್ತು. ಬೇಸರವಿರಲಿಲ್ಲ. ಉದ್ದನೆಯ, ತುಸು ಬಾಗಿದ ಆಳು. ಬೇಸಿಗೆಯಲ್ಲೂ ಉಣ್ಣೆಯ ಟೋಪಿ, ಅದರ ಕೆಳಗೆ ನುಣ್ಣನೆಯ ತಲೆ. ಮಾತು ಕಡಿಮೆ. ಪೆಟ್ಟಿಗೆಯೊಳಗಿನ ತೊಂದರೆ ಏನೆಂದು ತಿಳಿಯದ ದಿನ ಮಾತ್ರ ಊಟದ ತಟ್ಟೆಯಲ್ಲಿ ಬೆರಳಿಂದ ಗೆರೆ ಎಳೆಯುತ್ತ ಕೂತುಬಿಡುತ್ತಿದ್ದ.

ಹದಿನೇಳನೇ ವಯಸ್ಸಿಗೆ ಅವನು ಫೆರಿ ಹತ್ತಿ ಸ್ಫಾಕ್ಸ್ ಪಟ್ಟಣಕ್ಕೆ ಹೋಗಿ, ಯಾನಿ ಅನ್ನುವ ಗ್ರೀಕ್ ಮುದುಕನ ರೇಡಿಯೊ ಅಂಗಡಿಯಲ್ಲಿ ಒಂಬತ್ತು ವರ್ಷ ಕೆಲಸ ಕಲಿತ. ಯಾನಿ ಬೈಯುತ್ತಿದ್ದದ್ದು ಒಂದೇ ಕಾರಣಕ್ಕೆ. ಶಿಷ್ಯ "ಇದು ಹೋಗಿರಬೇಕು" ಅಂದರೆ ಸಾಕು, ಮುದುಕ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕುತ್ತಿದ್ದ. "ಹೋಗಿರಬೇಕು ಅಂದ್ರೇನು? ಹೋಗಿದೆ ಅನ್ನು, ಇಲ್ಲ ಗೊತ್ತಿಲ್ಲ ಅನ್ನು. ನಡುವೆ ಇನ್ನೊಂದಿಲ್ಲ." ಅಂಗಡಿ ಮುಚ್ಚಿ ಯಾನಿ ತನ್ನ ಮಗಳ ಊರಿಗೆ ಹೋದಾಗ ಶಾದ್ಲಿ ದ್ವೀಪಕ್ಕೆ ಹಿಂತಿರುಗಿದ. ಮೀನು ಹಿಡಿಯುವ ಮನೆತನದಲ್ಲಿ ಹುಟ್ಟಿಯೂ ನೀರಿಗಿಳಿಯದ ಮೊದಲನೆಯವನು ಅವನೇ.

ಮದುವೆಯಾದದ್ದು ದೂಜಾಳನ್ನು. ಹೆಂಗಸರ ಕೂದಲು ಕತ್ತರಿಸಿ, ಸುರುಳಿ ಮಾಡಿ, ಮದುವಣಗಿತ್ತಿಯರನ್ನು ಸಿಂಗರಿಸುವುದು ಅವಳ ಕಸುಬು. ಬೀದಿಯ ಕಡೆಗಿದ್ದ ದೊಡ್ಡ ಕೋಣೆಯ ನಡುವೆ ಹೂವಿನ ಪರದೆಯೊಂದನ್ನು ಇಳಿಬಿಟ್ಟು, ಆ ಕಡೆ ದೂಜಾಳ ಸಲೂನು, ಈ ಕಡೆ ಶಾದ್ಲಿಯ ರಿಪೇರಿ ಮೇಜು ಮಾಡಿಕೊಂಡಿದ್ದರು. ಬಾಗಿಲು ಮಾತ್ರ ಬೇರೆ ಬೇರೆ. ಹೀಗಾಗಿ ಊರಲ್ಲಿ ಯಾವ ಹುಡುಗಿಗೆ ಎಲ್ಲಿ ಮದುವೆ ಗೊತ್ತಾಯಿತು, ಯಾವ ಅತ್ತೆ ಯಾವ ಸೊಸೆಯೊಡನೆ ಮಾತು ಬಿಟ್ಟಳು ಅನ್ನುವುದೆಲ್ಲ ಶಾದ್ಲಿಗೆ ತಿಳಿಯುತ್ತಿತ್ತು. ಆ ಕಡೆ ಕೂತವರಿಗೂ ಅವನು ಕೈಜಾರಿದ ಸ್ಕ್ರೂಗಳಿಗೆ ಹಾಕುವ ಶಾಪ ಬಾಯಿಪಾಠವಾಗಿತ್ತು.

ವಿಸಿಆರ್‌ಗಳು ದ್ವೀಪಕ್ಕೆ ಬಂದದ್ದು ಫ್ರಾನ್ಸಿನಲ್ಲಿ ದುಡಿಯುತ್ತಿದ್ದ ಗಂಡುಮಕ್ಕಳ ಜೊತೆ. ಬೇಸಿಗೆಯಲ್ಲಿ ಊರಿಗೆ ಬರುವಾಗ ಕಾರಿನ ತಲೆಯ ಮೇಲೆ ಕಂಬಳಿ ಸುತ್ತಿ ತಂದು, ಟೀವಿಯ ಕೆಳಗಿಟ್ಟು, ತಂತಿ ಚುಚ್ಚಿ ಹೋಗುತ್ತಿದ್ದರು. ಆಮೇಲೆ ಕ್ಯಾಸೆಟ್ಟುಗಳು ಬರುತ್ತಿದ್ದವು. ಮೊಮ್ಮಗುವಿನ ಹೆಸರಿಡುವ ದಿನ, ಹೊಸ ಮನೆಯ ಅಡುಗೆಕೋಣೆ, ಹಿಮ ಬಿದ್ದ ಅಂಗಳ. ಕಾಗದ ಓದಲು ಬಾರದ ತಾಯಂದಿರಿಗೆ ಕ್ಯಾಸೆಟ್ಟೇ ಕಾಗದ. ಪೆಟ್ಟಿಗೆಯ ಮುಖದ ಮೇಲೆ ಹಸಿರು ಅಂಕಿಗಳಲ್ಲಿ ಗಂಟೆ ತೋರಿಸುತ್ತಿದ್ದುದರಿಂದ ಸುಮ್ಮನೆ ಯಾರೂ ಅದರ ಪ್ಲಗ್ಗನ್ನು ಕೀಳುತ್ತಿರಲಿಲ್ಲ. ಮಗ ಚುಚ್ಚಿ ಹೋದದ್ದು ಹಾಗೇ ಇರುತ್ತಿತ್ತು, ವರ್ಷಗಟ್ಟಲೆ.

ಅಂಥ ಪೆಟ್ಟಿಗೆಗಳಲ್ಲಿ ಶಾದ್ಲಿಯನ್ನು ಮೊದಲು ಕಾಡಿದ್ದು ಮಬ್ರೂಕಾ ಮುದುಕಿಯದು. ಮಬ್ರೂಕಾ ಪಕ್ಕದ ಓಣಿಯವಳು, ಮಗ ಮಾರ್ಸೇಲಿನಲ್ಲಿ. ಗೋಡೆಗೆ ಸುಣ್ಣ ಬಳಿಯಲು ಒಮ್ಮೆ ಪ್ಲಗ್ಗು ಕಿತ್ತ ಮೇಲೆ ಅವಳ ವಿಸಿಆರ್ ಕೆಟ್ಟು ಶಾದ್ಲಿಯ ಮೇಜಿಗೆ ಬಂದಿತ್ತು. ರಾತ್ರಿ ಕರೆಂಟು ತೆಗೆದಿಟ್ಟರೆ ಬೆಳಿಗ್ಗೆ ಹೆಣದಂತೆ ಬಿದ್ದಿರುತ್ತಿತ್ತು. ಒಳಗೆಲ್ಲೋ ಟಿಕ್ ಟಿಕ್ ಎಂಬ ಸಣ್ಣ ಸದ್ದು, ಅಷ್ಟೆ. ಮಧ್ಯಾಹ್ನ ಮೂರರ ಹೊತ್ತಿಗೆ ಯಾರೂ ಮುಟ್ಟದೆ ತಾನೇ ಎದ್ದು ಕೂರುತ್ತಿತ್ತು. ಶಾದ್ಲಿ ಫ್ಯೂಸ್ ನೋಡಿದ, ಸರಿಯಿತ್ತು. ಕರೆಂಟು ಹೋಗುವ ದಾರಿಯಲ್ಲಿ ಒಂದು ಬಲ್ಬ್ ಸೇರಿಸಿ ನೋಡಿದ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬ್ ಪೂರ್ತಿ ಉರಿಯಬೇಕು, ಉರಿಯಲಿಲ್ಲ. ಹನ್ನೊಂದು ದಿನ ಹೀಗೇ ಕಳೆಯಿತು. ದೂಜಾ ಉಗಿಯಲ್ಲಿ ಬೇಯಿಸಿದ ರವೆಯ ಕುಸ್ಕುಸ್ ತಟ್ಟೆಯಲ್ಲೇ ಆರಿ ಗಟ್ಟಿಯಾಗುತ್ತಿತ್ತು.

ಹನ್ನೆರಡನೇ ದಿನ ಬೆಳಿಗ್ಗೆ ಮೇಜಿನ ಮೇಲೆ ಜಾಗವಿಲ್ಲದೆ ಅವನು ಆ ಪೆಟ್ಟಿಗೆಯನ್ನು ಪರದೆಯಾಚೆ, ಸಲೂನಿನ ಸ್ಟೂಲಿನ ಮೇಲೆ ಇಟ್ಟು, ಕರೆಂಟು ಕೊಟ್ಟೇ ಬಿಟ್ಟಿದ್ದ. ಅದರ ಪಕ್ಕದಲ್ಲೇ ದೂಜಾ ಒಬ್ಬಳ ಕೂದಲು ಒಣಗಿಸುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಪೆಟ್ಟಿಗೆ ಕಟಕ್ ಎಂದಿತು, ಹಸಿರು ಅಂಕಿ ಹೊತ್ತಿಕೊಂಡವು.

"ಏ ಮಾರಾಯ, ಬಾ ಇಲ್ಲಿ! ನಿನ್ನ ಪೆಟ್ಟಿಗೆಗೂ ತಲೆ ಒಣಗಿಸಿಕೊಳ್ಳಬೇಕಿತ್ತಂತೆ!"

ಶಾದ್ಲಿ ಬಂದು ನೋಡಿದ, ಹೇರ್ ಡ್ರೈಯರನ್ನೇ ಅವಳ ಕೈಯಿಂದ ಕಿತ್ತುಕೊಂಡು ಹೋದ. ಅರ್ಧ ಒಣಗಿದ ತಲೆಯ ಹೆಂಗಸು ಕೂಗಾಡಿದರೂ ಕೇಳಿಸಲಿಲ್ಲ. ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ ಡ್ರೈಯರಿನ ಬಾಯಿಗೆ ಕಟ್ಟಿ, ಪವರ್ ಸಪ್ಲೈಯ ಒಂದೊಂದು ಭಾಗಕ್ಕೂ ಬೇರೆ ಬೇರೆಯಾಗಿ ಬಿಸಿಗಾಳಿ ಬಿಟ್ಟ. ಎದ್ದದ್ದನ್ನು ಮತ್ತೆ ಮಲಗಿಸಲು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದಕ್ಕೂ ತಣ್ಣಗೆ ಮುಟ್ಟಿಸಿದ. ಸಂಜೆಯ ಹೊತ್ತಿಗೆ ಕಳ್ಳ ಸಿಕ್ಕಿದ: ಖರ್ಜೂರದ ಬೀಜದಷ್ಟು ದೊಡ್ಡ ಒಂದು ಕೆಪಾಸಿಟರ್. ಬಿಸಿಯಾಗುವ ಲೋಹದ ತಗಡಿನ ಮಗ್ಗುಲಲ್ಲೇ ಅದನ್ನು ಕೂರಿಸಿದ್ದರು.

ಮಬ್ರೂಕಾ ಬಂದಾಗ ಅವನು ಅದನ್ನು ಅಂಗೈ ಮೇಲಿಟ್ಟು ತೋರಿಸಿದ. "ಇದರೊಳಗೆ ಒಂದು ತೊಟ್ಟು ರಸ ಇರುತ್ತಮ್ಮ. ಪಕ್ಕದ ಬಿಸಿಗೆ ವರ್ಷಗಟ್ಟಲೆ ಬೆಂದು ಒಣಗಿಹೋಗುತ್ತೆ. ಓಡ್ತಾ ಇರೋವರೆಗೂ ತನ್ನ ಬಿಸಿಯಲ್ಲೇ ಹೇಗೋ ಓಡುತ್ತೆ. ಒಮ್ಮೆ ನಿಂತು ತಣ್ಣಗಾಯ್ತೋ, ಏಳೋಕೆ ತ್ರಾಣ ಇಲ್ಲ."

"ನನ್ನ ಮಂಡಿ ಇದ್ದ ಹಾಗೆ ಅನ್ನು," ಎಂದಳು ಮಬ್ರೂಕಾ. "ಇದಕ್ಕಾದ್ರೆ ಹೊಸದು ಹಾಕ್ದೆ. ನನಗೇನು ಹಾಕ್ತೀ?"

ಅಂದಿನಿಂದ ಶಾದ್ಲಿ 'ನಾಳೆ ಬಾ' ಶುರುಮಾಡಿದ. ಬಿಸಿಯಲ್ಲಿ ಓಡಿದ್ದನ್ನು ನಂಬುವುದನ್ನು ಬಿಟ್ಟ.

ಹದಿಮೂರು ವರ್ಷ ಹೀಗೆ ಕಳೆದವು. ಹೊಸ ಪೆಟ್ಟಿಗೆಗಳು ಬರುವುದು ಕಡಿಮೆಯಾಗಿ, ಇದ್ದವು ಹಳೆಯವಾದವು. ಆ ವರ್ಷದ ಚಳಿಗಾಲದ ಕೊನೆಯಲ್ಲಿ ಒಂದು ಬಿರುಗಾಳಿ ಬಂತು. ಮೀನಿಗೆಂದು ಸಮುದ್ರದಲ್ಲಿ ನೆಟ್ಟಿದ್ದ ಖರ್ಜೂರದ ಗರಿಯ ಬೇಲಿಗಳೆಲ್ಲ ಕಿತ್ತುಹೋದವು. ಯಾವುದೋ ದೋಣಿಯ ಲಂಗರು ಎಳೆದಾಡಿ, ನೀರಿನ ತಳದಲ್ಲಿ ದ್ವೀಪಕ್ಕೆ ಕರೆಂಟು ತರುವ ಕೇಬಲ್ಲು ತುಂಡಾಯಿತು. ಎರಡು ದಿನ ದ್ವೀಪದಲ್ಲಿ ಕರೆಂಟಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಂತು. ಫ್ರಿಜ್ಜುಗಳು ಗುಡುಗಿದವು, ದೀಪ ಹತ್ತಿದವು, ಟೀವಿಗಳಲ್ಲಿ ಚಿತ್ರ ಬಂತು. ಟೀವಿಯ ಕೆಳಗೆ ಹಸಿರು ಅಂಕಿಗಳು ಮಾತ್ರ ಮನೆಮನೆಯಲ್ಲೂ ಕಪ್ಪಾಗೇ ಉಳಿದವು.

ಹನ್ನೊಂದು ಗಂಟೆಗೆ ಶಾದ್ಲಿಯ ಬಾಗಿಲಲ್ಲಿ ಏಳು ವಿಸಿಆರ್. ಮಧ್ಯಾಹ್ನಕ್ಕೆ ಇಪ್ಪತ್ತು. ಕತ್ತೆಗಾಡಿಯಲ್ಲಿ, ಸೈಕಲ್ಲಿನ ಹಿಂದೆ, ಮಗುವಿನ ಹಾಗೆ ಎದೆಗವಚಿಕೊಂಡು ಜನ ಬರುತ್ತಲೇ ಇದ್ದರು. ಅವರ ಬೆನ್ನಿಗೇ ಬಂದವನು ಹಮ್ಮಾದಿ. ಬಂದರಿಗೆ ಹೋಗುವ ದಾರಿಯಲ್ಲಿ ಕಾಫಿ ಅಂಗಡಿ ಇಟ್ಟಿದ್ದ, ದೊಡ್ಡ ಹೊಟ್ಟೆಯ, ಅದಕ್ಕಿಂತ ದೊಡ್ಡ ಗಂಟಲಿನ ಆಸಾಮಿ. ಸಂಜೆ ಹೊತ್ತು ಅವನ ಅಂಗಡಿಯ ವಿಸಿಆರಿನಲ್ಲಿ ಹಳೆಯ ಫುಟ್‌ಬಾಲ್ ಪಂದ್ಯಗಳು ಓಡುತ್ತಿದ್ದವು.

"ನೋಡಿದ್ಯಾ ಉಸ್ತಾ? ಒಂದೇ ಏಟಿಗೆ ಊರಿನ ವಿಡಿಯೊಗಳನ್ನೆಲ್ಲ ಸುಟ್ಟುಹಾಕಿದ್ರು! ಕರೆಂಟು ವಾಪಸ್ಸು ಬಿಡುವಾಗ ಜಾಸ್ತಿ ಬಿಟ್ಟಿದಾರೆ. ನಾವು ದೂರು ಬರೀತಿದೀವಿ. ಎಲ್ಲರಿಗೂ ಹೊಸ ಪೆಟ್ಟಿಗೆ ಕೊಡಬೇಕು ಅವರು. ಕೆಳಗೆ ನಿನ್ನದೊಂದು ಸಹಿ ಬೇಕು. ಕಸುಬಿನವನು ನೀನು, 'ಕರೆಂಟಿನಿಂದಲೇ ಸುಟ್ಟಿದೆ' ಅಂತ ಒಂದು ಸಾಲು."

"ಮೊದಲು ಬಿಚ್ಚಿ ನೋಡ್ತೀನಿ," ಎಂದ ಶಾದ್ಲಿ.

"ಬಿಚ್ಚೋದೇನಿದೆ? ಕಣ್ಣಿಗೆ ಕಾಣ್ತಾ ಇಲ್ವಾ?"

"ಕಾಣ್ತಿಲ್ಲ. ಅದಕ್ಕೇ ಬಿಚ್ತೀನಿ."

ಮೂರು ದಿನ ಬಿಚ್ಚಿದ. ಒಟ್ಟು ಮೂವತ್ತೇಳು ಪೆಟ್ಟಿಗೆ. ಹೆಚ್ಚು ಕರೆಂಟು ನುಗ್ಗಿದ್ದರೆ ಫ್ಯೂಸಿನ ಗಾಜು ಒಳಗಿಂದ ಮಸಿಯಾಗಬೇಕು. ಮೂವತ್ತಾರರಲ್ಲಿ ಗಾಜು ಹೊಸ ಲೋಟದ ಹಾಗೆ ತಿಳಿಯಾಗಿತ್ತು. ಡ್ರೈಯರಿನ ಬಿಸಿಗಾಳಿ ತಗುಲಿದರೆ ಎಲ್ಲವೂ ಒಂದೊಂದಾಗಿ ಏಳುತ್ತಿದ್ದವು. ಹತ್ತು ಹನ್ನೆರಡು ವರ್ಷ ಒಂದು ಗಳಿಗೆಯೂ ತಣ್ಣಗಾಗದೆ ಓಡಿದ ಪೆಟ್ಟಿಗೆಗಳು ಮೊದಲ ಸಲ ಎರಡು ದಿನ ಚಳಿಯಲ್ಲಿ ಮಲಗಿದ್ದವು, ಅಷ್ಟೆ. ಮೂವತ್ತೇಳನೆಯದು ಬೇರೆ ಥರ ಇತ್ತು. ಅದರ ಒಳಗನ್ನು ಶಾದ್ಲಿ ತುಂಬ ಹೊತ್ತು ನೋಡಿದ, ಮೂಸಿದ, ಮೇಲೆ ಮುಚ್ಚಳವಿಟ್ಟು ಮೂಲೆಗೆ ಸರಿಸಿದ. ಯಾರಿಗೂ ಏನೂ ಹೇಳಲಿಲ್ಲ. ಅದು ಹಮ್ಮಾದಿಯದು.

ನಾಲ್ಕನೇ ದಿನ ಹಮ್ಮಾದಿ ಕಾಗದ ಹಿಡಿದು ಬಂದ, ಹಿಂದೆ ಹತ್ತು ಹದಿನೈದು ಜನ. ಶಾದ್ಲಿ ಟೋಪಿ ಸರಿಮಾಡಿಕೊಂಡು ಹೇಳಿದ:

"ಕರೆಂಟು ಇವನ್ನ ಸುಟ್ಟಿಲ್ಲ. ವಯಸ್ಸಾಗಿದೆ. ನಾನು ಸರಿಮಾಡಿಕೊಡ್ತೀನಿ, ಸಹಿ ಹಾಕಲ್ಲ."

"ಇಡೀ ದ್ವೀಪದ ಪೆಟ್ಟಿಗೆಗೆ ಒಂದೇ ದಿನ ವಯಸ್ಸಾಯ್ತಾ?" ಹಮ್ಮಾದಿಯ ಗಂಟಲು ಬೀದಿಯ ಕೊನೆಗೂ ಕೇಳಿಸಿತು. "ಕೇಳಿದ್ರಾ ಜನಗಳೇ? ನಮ್ಮೋರ ಪರವಾಗಿ ಒಂದು ಗೆರೆ ಎಳೆಯೋಕೆ ಇವನ ಕೈಗೆ ಬರಲ್ಲ! ಕರೆಂಟ್ ಆಫೀಸಿನವರು ಇವನಿಗೇನು ಮಾವನೋರಾ?"

ಜನರಲ್ಲಿ ಒಬ್ಬ, ಮೀನುಗಾರ, ಮೆಲ್ಲಗೆ ಅಂದ: "ನಿನಗೇನು ನಷ್ಟ ಉಸ್ತಾ? ನಮ್ಮ ಬೇಲಿ ಹೋಯ್ತು, ಬಲೆ ಹೋಯ್ತು. ಒಂದು ಪೆಟ್ಟಿಗೆಯಾದ್ರೂ ಬರ್ಲಿ ಬಿಡು."

ಆ ಮಾತು ಶಾದ್ಲಿಗೆ ಹಮ್ಮಾದಿಯ ಕೂಗಿಗಿಂತ ಹೆಚ್ಚು ನಾಟಿತು. ಜನ ತಮ್ಮ ತಮ್ಮ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋದರು. ದೂರು ಅವನ ಸಹಿಯಿಲ್ಲದೆಯೇ ಸ್ಫಾಕ್ಸಿಗೆ ಹೋಯಿತು.

ಮಾರನೆಯ ವಾರ ಸಲೂನಿಗೆ ಯಾರೂ ಬರಲಿಲ್ಲ. ಬಂದರಿನ ಹತ್ತಿರದ ಮದುವಣಗಿತ್ತಿಯನ್ನು ಸಿಂಗರಿಸಲು ಮೆಲ್ಲೀತಾ ಊರಿನಿಂದ ಬೇರೊಬ್ಬಳನ್ನು ಕರೆಸಿದರು. ಆ ಹುಡುಗಿಯ ತಾಯಿಯ ಮದುವೆಗೂ ಅಕ್ಕನ ಮದುವೆಗೂ ಕೂದಲು ಕಟ್ಟಿದವಳು ದೂಜಾ. ಅವಳು ಖಾಲಿ ಕುರ್ಚಿಯ ಮೇಲೆ ತಾನೇ ಕೂತು, ಕನ್ನಡಿಯಲ್ಲಿ, ಸರಿಸಿದ್ದ ಪರದೆಯಾಚೆಯ ಗಂಡನನ್ನು ನೋಡುತ್ತ ಶುರುಮಾಡಿದಳು.

"ಒಂದು ಸಹಿ ಹಾಕಿದ್ರೆ ಆಕಾಶ ಬೀಳ್ತಿತ್ತಾ?"

"ಬೀಳ್ತಿರಲಿಲ್ಲ."

"ಯಾರಾದ್ರೂ ಸಾಯ್ತಿದ್ರಾ?"

"ಇಲ್ಲ."

"ಮತ್ತೆ ನಿನಗೇನು ಕಷ್ಟ ಬಂತು ಮಾರಾಯ?"

ಶಾದ್ಲಿ ಸೋಲ್ಡರಿಂಗ್ ಐರನ್ನನ್ನು ಅದರ ಸ್ಟ್ಯಾಂಡಿನ ಮೇಲಿಟ್ಟ. "ದೂಜಾ, ಇಷ್ಟು ವರ್ಷ ಜನ ನನ್ನ ಹತ್ರ ಬಂದದ್ದು ಯಾಕೆ? ನಾನು ಜೋರಿನೋನಲ್ಲ, ನಿಧಾನ, ಮಾತು ಬರಲ್ಲ. ಇದು ಕೆಟ್ಟಿದೆ ಅಂದ್ರೆ ಕೆಟ್ಟಿದೆ, ಇಲ್ಲ ಅಂದ್ರೆ ಇಲ್ಲ. ಅದೊಂದೇ ನನ್ನ ಹತ್ರ ಇರೋದು. ಅದನ್ನೂ ಕೊಟ್ಬಿಟ್ರೆ ಈ ಮೇಜಿನ ಹಿಂದೆ ಕೂತು ಏನು ಮಾಡ್ಲಿ?"

ದೂಜಾ ಎದ್ದು ಬಂದು ಅವನ ಟೋಪಿ ತೆಗೆದು, ನುಣ್ಣನೆಯ ತಲೆಗೆ ಒಂದು ಮೊಟಕಿ, ಮತ್ತೆ ಟೋಪಿ ಹಾಕಿದಳು. "ಕೂದಲಾದ್ರೂ ಇದ್ದಿದ್ರೆ ಕೆಲಸಕ್ಕೆ ಬರ್ತಿದ್ದೆ ನೀನು. ಬಾ, ಊಟ ಆರ್ತಿದೆ."

ಆ ಮಾತಿನ ಮೇಲೆ ಅವಳ ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ. ಇಳಿಯಲಿಲ್ಲ, ದಿಕ್ಕು ಬದಲಿಸಿತು. ಬಾವಿಯ ಹತ್ತಿರ ಯಾರೋ ಹೆಂಗಸು 'ನಾಳೆ ಬಾ' ಎಂದು ಅಣಕಿಸಿದ್ದಕ್ಕೆ ಅವಳ ಬಿಂದಿಗೆಯ ನೀರನ್ನು ದೂಜಾ ನೆಲಕ್ಕೆ ಸುರಿದು ಬಂದಳಂತೆ.

ಹದಿನೈದು ದಿನದ ಮೇಲೆ ದೂರಿನ ವಿಚಾರಣೆಗೆಂದು ಸ್ಫಾಕ್ಸಿನಿಂದ ಒಬ್ಬ ಇಂಜಿನಿಯರ್ ಬಂದ. ರಿದಾ ಅಂತ ಹೆಸರು, ಐವತ್ತರ ಆಸುಪಾಸು. ಅವತ್ತು ಸಮುದ್ರ ಕುಲುಕುತ್ತಿತ್ತು. ಫೆರಿಯಿಂದ ಇಳಿದಾಗ ಅವನ ಮುಖ ಸುಣ್ಣದ ಗೋಡೆಯಂತಾಗಿತ್ತು. ಹಮ್ಮಾದಿ ಅವನನ್ನು ತನ್ನ ಕಾಫಿ ಅಂಗಡಿಯಲ್ಲಿ ಕೂರಿಸಿ, ನಿಂಬೆ ಹಿಂಡಿದ ಚಹಾ ಕುಡಿಸಿ, ಮೂವತ್ತಾರು ಪೆಟ್ಟಿಗೆಗಳನ್ನು ಮೇಜುಗಳ ಮೇಲೆ ಸಾಲಾಗಿ ಇಡಿಸಿದ್ದ. ಇನ್ನೊಂದು ಶಾದ್ಲಿಯ ಮೂಲೆಯಲ್ಲೇ ಉಳಿದಿತ್ತು. ಹಮ್ಮಾದಿ ಅದನ್ನು ತೆಗೆದುಕೊಂಡು ಹೋಗಲು ಯಾಕೋ ಬಂದೇ ಇರಲಿಲ್ಲ. ಶಾದ್ಲಿಯನ್ನೂ ಕರೆಸಿದ್ದರು. ಅವನು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ.

"ಕಸುಬಿನವರು ನೀವೇನಾ? ನಿಮ್ಮ ಅಭಿಪ್ರಾಯ ಏನು?" ಎಂದು ರಿದಾ ಕೇಳಿದ.

"ಹೋಗಿಲ್ಲ ಸಾಹೇಬ್ರೇ. ಅಂದ್ರೆ, ಹೋಗಿದೆ. ಆದ್ರೆ ಹೋಗಿದ್ದು ಈಗಲ್ಲ. ಮೊದಲೇ..." ಶಾದ್ಲಿ ತಡವರಿಸಿದ. ಜನ ಗೊಳ್ಳೆಂದರು.

ಆಗ ಬಾಗಿಲಲ್ಲಿ ಇದ್ದಕ್ಕಿದ್ದಂತೆ ನಗು ನಿಂತಿತು. ಗಂಡಸರು ಮಾತ್ರ ಕೂರುವ ಆ ಅಂಗಡಿಯೊಳಕ್ಕೆ ದೂಜಾ ಬಂದಿದ್ದಳು. ಕೈಯಲ್ಲಿ ಹೇರ್ ಡ್ರೈಯರ್, ಅದರ ತಂತಿ ಹೆಗಲ ಮೇಲೆ. ಹಿಂದೆ ಮಂಡಿ ಹಿಡಿದುಕೊಂಡು ಮಬ್ರೂಕಾ.

"ಹಮ್ಮಾದಿ, ಪ್ಲಗ್ ಎಲ್ಲಿದೆ ನಿನ್ನ ಅಂಗಡೀಲಿ?" ಎಂದಳು ದೂಜಾ.

"ಲಲ್ಲಾ, ತಾಯೀ, ಇದು ಹೆಂಗಸರು ಬರೋ ಜಾಗ..."

"ಹೆಂಗಸರ ಜಾಗಕ್ಕೆ ಹೆಂಗಸರು ಬರದ ಹಾಗೆ ನೀನೇ ಮಾಡಿದೀಯಲ್ಲ. ಅದಕ್ಕೇ ಇಲ್ಲಿಗೆ ಬಂದೆ. ಪ್ಲಗ್ ಎಲ್ಲಿ?"

ಹಮ್ಮಾದಿ ಬೆರಳು ತೋರಿಸಿದ. ದೂಜಾ ಇಂಜಿನಿಯರನ ಕಡೆ ತಿರುಗಿದಳು. "ಸಾಹೇಬ್ರೇ, ನನ್ನ ಗಂಡನಿಗೆ ಜನರ ಮುಂದೆ ಮಾತು ಬರಲ್ಲ. ಈ ಸಾಲಿನಲ್ಲಿ ನಿಮಗೆ ಬೇಕಾದ್ದೊಂದು ಆರಿಸಿ. ಅದೇ ಮಾತಾಡಲಿ."

ರಿದಾ ನಡುವಿನ ಒಂದನ್ನು ತೋರಿಸಿದ. ಅಂಚೆಯ ಸಾಲಿಹ್‌ನದು ಅದು. ಶಾದ್ಲಿ ಮುಚ್ಚಳ ಬಿಚ್ಚಿದ, ಫ್ಯೂಸ್ ತೆಗೆದು ಬೆಳಕಿಗೆ ಹಿಡಿದು ರಿದಾನ ಕೈಗೆ ಕೊಟ್ಟ. ರಿದಾ ನೋಡಿ ಹುಬ್ಬೇರಿಸಿದ. ಫ್ಯೂಸನ್ನು ಮತ್ತೆ ಕೂರಿಸಿ ಕರೆಂಟು ಕೊಟ್ಟರು: ಟಿಕ್, ಟಿಕ್, ಟಿಕ್. ಕತ್ತಲೆ ಮುಖ. ದೂಜಾ ಡ್ರೈಯರ್ ಚಾಲೂ ಮಾಡಿದಳು. ಶಾದ್ಲಿ ಅವಳ ಮಣಿಕಟ್ಟು ಹಿಡಿದು ಗಾಳಿಯನ್ನು ಸರಿಯಾದ ಜಾಗಕ್ಕೆ ತಿರುಗಿಸಿದ. ಅಂಗಡಿಯಲ್ಲಿ ಡ್ರೈಯರಿನ ಗುಂಯ್‌ಗುಡುವಿಕೆ ಬಿಟ್ಟು ಬೇರೆ ಸದ್ದಿಲ್ಲ. ಕಾಲು ನಿಮಿಷ, ಅರ್ಧ ನಿಮಿಷ, ಒಂದು ನಿಮಿಷ. ದೂಜಾಳ ಹಣೆಯ ಮೇಲೆ ಬೆವರು. ಕಟಕ್! ನಾಲ್ಕು ಹಸಿರು ಸೊನ್ನೆಗಳು ಮಿನುಗಿದವು.

"ಯಾ ಅಲ್ಲಾಹ್!" ಎಂದ ಸಾಲಿಹ್. ತನ್ನ ಪೆಟ್ಟಿಗೆ ಬದುಕಿದ್ದಕ್ಕೆ ಖುಷಿಯೋ, ಹೊಸದು ತಪ್ಪಿದ್ದಕ್ಕೆ ದುಃಖವೋ ಅವನಿಗೇ ತಿಳಿಯಲಿಲ್ಲ.

"ಸುಟ್ಟುಹೋದದ್ದು ಬಿಸಿಗಾಳಿಗೆ ಏಳುತ್ತಾ ಸಾಹೇಬ್ರೇ?" ಮಬ್ರೂಕಾ ಒಂದು ಕುರ್ಚಿ ಎಳೆದುಕೊಂಡು ಕೂತಳು. "ನಂದೂ ಒಂದಿದೆ ಮನೇಲಿ. ಈ ನಾಳೆ ಬಾ ಮುಂಚೆಯೇ ರಿಪೇರಿ ಮಾಡಿಟ್ಟದ್ದು. ಕರೆಂಟು ಬಂದ ಕೂಡಲೆ ಎದ್ದು ಕೂತಿತು. ನನಗೂ ಈ ಹಮ್ಮಾದಿಗೂ ಒಂದೇ ಕಂಬದಿಂದ ತಂತಿ. ಊರನ್ನೆಲ್ಲ ಸುಟ್ಟು ನನ್ನೊಬ್ಬಳನ್ನ ಬಿಡೋಕೆ ನಾನೇನು ಕರೆಂಟಿಗೆ ಚಿಕ್ಕಮ್ಮನಾ?"

ಈ ಸಲ ಜನ ನಕ್ಕದ್ದು ಬೇರೆ ಥರ. ರಿದಾನ ಮುಖಕ್ಕೂ ಬಣ್ಣ ಬಂತು. ಅವನು ಇನ್ನೂ ನಾಲ್ಕು ಪೆಟ್ಟಿಗೆ ಆರಿಸಿದ, ನಾಲ್ಕೂ ಎದ್ದವು. "ಎಲ್ಲವೂ ಹೀಗೇನಾ ಉಸ್ತಾ?" ಎಂದು ಕೇಳಿದ.

"ಮೂವತ್ತಾರು ಹೀಗೆ."

"ದೂರಿನಲ್ಲಿ ಮೂವತ್ತೇಳು ಅಂತ ಇದೆ."

ಶಾದ್ಲಿ ನೆಲ ನೋಡಿದ. "ಇನ್ನೊಂದು ಸುಟ್ಟಿದೆ. ನಿಜವಾಗ್ಲೂ ಸುಟ್ಟಿದೆ. ಫ್ಯೂಸ್ ಮಸಿ, ಅದರ ಹಿಂದೆ ಜಾಸ್ತಿ ಕರೆಂಟು ತಡೆಯೋ ಕಾವಲು ಬಿಲ್ಲೆ ಸೀಳಿದೆ."

"ಯಾರದು?"

ಶಾದ್ಲಿ ಹೇಳಲಿಲ್ಲ. ಹಮ್ಮಾದಿಯ ಕಡೆ ನೋಡಲೂ ಇಲ್ಲ. ಮರೆಮಾಚುವ ಮನಸ್ಸಿರಲಿಲ್ಲ, ಆದರೆ ಹಮ್ಮಾದಿಯ ಅಂಗಡಿಯಲ್ಲೇ, ಅವನ ಚಹಾ ಕುಡಿಯುತ್ತಿದ್ದವರ ಮುಂದೆ, ತನ್ನ ಬಾಯಿಂದ ಅದು ಬರುವುದು ಅವನಿಗೆ ಹಿಡಿಸಲಿಲ್ಲ. ಆ ಮೌನ ಉದ್ದವಾಗುತ್ತ ಹೋದಂತೆ ಹಮ್ಮಾದಿಯ ಕಿವಿಗಳು ಕೆಂಪಾದವು. ಕೊನೆಗೆ ಅವನು ಚಹಾದ ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟ.

"ನಂದು," ಎಂದ. ಅವನ ಗಂಟಲು ಅಷ್ಟು ಸಣ್ಣಗಾದದ್ದನ್ನು ಊರು ಕೇಳಿದ್ದೇ ಇಲ್ಲ. "ಕರೆಂಟಿಲ್ಲದ ಎರಡನೇ ದಿನ ಮಂಜುಗಡ್ಡೆ ಮಿಲ್ಲಿನವರ ಜನರೇಟರ್ ತರಿಸಿದ್ದೆ. ಪಂದ್ಯ ಹಾಕಿದ್ರೆ ನಾಲ್ಕು ಜನ ಬರ್ತಾರೆ ಅಂತ. ಚಾಲೂ ಮಾಡಿದ ತಕ್ಷಣ ಹೊಗೆ ಬಂತು. ಕರೆಂಟು ಬಂದ ಮೇಲೆ ಊರೆಲ್ಲ ಸುಟ್ಟಿದೆ ಅಂದ್ರಲ್ಲ, ನಂದೂ ಅದರಲ್ಲೇ ಹೋಗ್ಲಿ ಅಂತ..."

ಸಹಿ ಹಾಕು ಎಂದು ಅವತ್ತು ಶಾದ್ಲಿಯನ್ನು ಕೇಳಿಕೊಂಡಿದ್ದ ಮೀನುಗಾರ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನ ನಗು ಕುರ್ಚಿಯಿಂದ ಕುರ್ಚಿಗೆ ಹರಡಿ, ಕೊನೆಗೆ ಹಮ್ಮಾದಿಯ ಹೊಟ್ಟೆಯೂ ಕುಲುಕಾಡಿತು. ರಿದಾ ದೂರಿನ ಕಾಗದವನ್ನು ನಾಲ್ಕಾಗಿ ಮಡಚಿ ಹಮ್ಮಾದಿಯ ಕೈಗೇ ಕೊಟ್ಟ.

ಫೆರಿಗೆ ಹೊತ್ತಾದಾಗ ಅವನು ಶಾದ್ಲಿಯ ಜೊತೆ ಬಂದರಿನವರೆಗೆ ನಡೆದ. "ನನ್ನ ತಾಯಿ ಮನೇಲೂ ಇಂಥದೇ ಇತ್ತು. ಒಂದಿನ ಬೆಳಿಗ್ಗೆ ಏಳಲಿಲ್ಲ. ನಾನು ಇಂಜಿನಿಯರು, ಎಸೆದು ಹೊಸದು ತಂದ್ಕೊಟ್ಟೆ," ಎಂದ. "ನಿಮ್ಮ ಹತ್ರ ಆ ಸಣ್ಣ ಕೆಪಾಸಿಟರ್ ಎಷ್ಟಿವೆ?"

"ಒಂಬತ್ತು."

ಮೂರು ದಿನದ ಮೇಲೆ ಫೆರಿಯಲ್ಲಿ ಹಗ್ಗ ಎಸೆಯುವ ಶಾದ್ಲಿ ಒಂದು ಪುಟ್ಟ ಪೊಟ್ಟಣ ತಂದುಕೊಟ್ಟ. ಬಿಚ್ಚಿದರೆ ಐವತ್ತು ಕೆಪಾಸಿಟರ್, ಹೆಚ್ಚು ಬಿಸಿ ತಡೆಯುವ ಒಳ್ಳೆಯ ಜಾತಿಯವು. ಜೊತೆಗೆ ಒಂದು ಗೆರೆಯೂ ಇರಲಿಲ್ಲ.

ಊರು ಕೂಡಲೆ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ. ಹೊಸ ಪೆಟ್ಟಿಗೆಯ ಆಸೆ ಬಿಟ್ಟುಹೋದ ಕೆಲವರು ಬೇಸಿಗೆಯವರೆಗೂ ಮುಖ ಊದಿಸಿಕೊಂಡೇ ಇದ್ದರು. ಆದರೆ ಬಕ್ರೀದ್ ಹತ್ತಿರ ಬಂತು, ಫ್ರಾನ್ಸಿನಿಂದ ಕ್ಯಾಸೆಟ್ಟುಗಳು ಬರತೊಡಗಿದವು, ನೋಡಲು ಪೆಟ್ಟಿಗೆ ಬೇಕಾಯಿತು. ಒಬ್ಬೊಬ್ಬರೇ ಬಂದರು, ಮೊದಮೊದಲು ಹಿಂಬಾಗಿಲಿನಿಂದ. ಗಂಡಸರು ಪೆಟ್ಟಿಗೆ ಇಟ್ಟು ಹೋದರೆ, ಅವರ ಹೆಂಗಸರು ಪರದೆಯ ಆ ಕಡೆ ತಲೆ ಬಿಚ್ಚಿಕೊಂಡು ಕೂತರು. ದೂಜಾ ಮೊದಲ ಮೂರು ದಿನ ಎಲ್ಲರ ಕೂದಲನ್ನೂ ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಎಳೆದಳು. ಆಮೇಲೆ ಕೈ ಹಗುರವಾಯಿತು.

ಹಮ್ಮಾದಿ ವಿಚಾರಣೆಯಾದ ಹತ್ತನೆಯ ದಿನ ಬಂದ. ಬಾಗಿಲಲ್ಲಿ ನಿಂತು ಮೂಲೆಯ ತನ್ನ ಪೆಟ್ಟಿಗೆಯನ್ನು ನೋಡಿದ.

"ಅದು ಆಗುತ್ತಾ?"

"ಗೊತ್ತಿಲ್ಲ," ಎಂದ ಶಾದ್ಲಿ. "ತುಂಬ ಒಳಗೆ ಹೋಗಿದೆ ಪೆಟ್ಟು."

"ನಾನು ಅವತ್ತು ಬೀದೀಲಿ ಅಂದದ್ದು..."

"ಕುರ್ಚಿ ಎಳ್ಕೋ. ಈ ದೀಪ ಹಿಡಿ. ಸ್ವಲ್ಪ ಎಡಕ್ಕೆ."

ಅದನ್ನು ಎಬ್ಬಿಸಲು ನಾಲ್ಕು ದಿನ ಹಿಡಿಯಿತು. ಅಷ್ಟು ಸಂತೋಷದ ನಾಲ್ಕು ದಿನಗಳನ್ನು ಶಾದ್ಲಿ ಆ ವರ್ಷ ಕಂಡಿರಲಿಲ್ಲ. ಒಂದು ಸರಿಮಾಡಿದರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಹಮ್ಮಾದಿ ದಿನವೂ ಬೆಳಿಗ್ಗೆ ಅಂಗಡಿಯಿಂದ ಚಹಾ ತಂದು, ದೀಪ ಹಿಡಿದು ಕೂತು, ಕೂಗದೆ ಮಾತಾಡುವುದನ್ನು ಅಭ್ಯಾಸ ಮಾಡಿದ.

ಬಕ್ರೀದಿನ ಎರಡನೆಯ ದಿನ ಮಬ್ರೂಕಾ ಗಂಡಹೆಂಡಿರಿಬ್ಬರನ್ನೂ ಊಟಕ್ಕೆ ಕರೆದಳು. ಬಾರ್ಲಿ ಕುಸ್ಕುಸ್ಸಿನ ಮೇಲ್ಗಡೆ ಹಬ್ಬದ ಮಾಂಸ, ಪಕ್ಕದಲ್ಲಿ ಒಣಗಿಸಿದ ಆಕ್ಟೋಪಸ್. ಊಟವಾದ ಮೇಲೆ ಅವಳು ಟೀವಿಯ ಮೇಲಿನ ಕಸೂತಿ ಬಟ್ಟೆ ಸರಿಸಿ, ಹೊಸ ಕ್ಯಾಸೆಟ್ಟೊಂದನ್ನು ಶಾದ್ಲಿಯ ಕೈಗೆ ಕೊಟ್ಟಳು. ಅವನು ಪೆಟ್ಟಿಗೆಗೆ ಹಾಕಿದ, ಚಿತ್ರ ಬಂತು, ಅಲುಗಾಟವಿದೆಯೇ ನೋಡಿದ, ಸದ್ದು ಆಲಿಸಿದ, ತಲೆಯಾಡಿಸಿ ಬಾಗಿಲ ಕಡೆ ಹೊರಟ.

"ಎಲ್ಲಿಗೆ?" ಎಂದಳು ಮಬ್ರೂಕಾ.

"ಚೆನ್ನಾಗಿ ಓಡ್ತಿದೆಯಲ್ಲಮ್ಮ."

"ಓಡ್ತಿದೆ, ಗೊತ್ತು. ಇಷ್ಟು ವರ್ಷದಲ್ಲಿ ನನ್ನ ಮೊಮ್ಮಗಳ ಮುಖ ಒಮ್ಮೆಯಾದ್ರೂ ನೋಡಿದೀಯಾ ನೀನು? ಬಣ್ಣ ಸರಿಯಿದೆಯಾ ನೋಡ್ತೀ, ಎದ್ದು ಹೋಗ್ತೀ. ಕೂತ್ಕೋ."

ಶಾದ್ಲಿಗೆ ಅದು ನಿಜ ಅನ್ನಿಸಿತು. ಸಾವಿರ ಸಲ ಚಿತ್ರ ಬರಿಸಿದ್ದ. ಬಂದ ಚಿತ್ರವನ್ನು ಕೂತು ನೋಡಿದ್ದು ನೆನಪಿರಲಿಲ್ಲ. ಅವನು ದೂಜಾಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತ. ಟೀವಿಯಲ್ಲಿ ಏಳೆಂಟು ವರ್ಷದ ಒಬ್ಬಳು ಹುಡುಗಿ, ಮುಂದಿನ ಎರಡು ಹಲ್ಲಿಲ್ಲದವಳು, ಶಾಲೆಯ ಪುಸ್ತಕ ಹಿಡಿದು ನಿಂತಿದ್ದಳು. ಅಜ್ಜಿಗೆ ಓದಿ ಹೇಳು ಎಂದು ಯಾರೋ ಕಾಣದ ಕಡೆಯಿಂದ ಹೇಳುತ್ತಿದ್ದರು. ಅವಳು ಒಂದು ಪದ ಓದಿ ನಗುತ್ತಿದ್ದಳು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

"ಹೆಸರೇನು?" ಎಂದು ಶಾದ್ಲಿ ಮೆಲ್ಲಗೆ ಕೇಳಿದ.

"ಉಮೈಮಾ," ಎಂದಳು ಮಬ್ರೂಕಾ. "ನೋಡ್ತಿರು, ಮುಂದೆ ಬೆಕ್ಕು ಬರುತ್ತೆ."

ಬೆಕ್ಕು ಬಂತು. ಶಾದ್ಲಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಕ್ಯಾಸೆಟ್ಟು ಮುಗಿಯುವವರೆಗೂ ಕೂತಿದ್ದ.